ಶಾಸನಸಭೆಗಳಲ್ಲಿ ಕೆಂಗಲ್ ಹನುಮಂತಯ್ಯನವರು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ ರಾಮನಗರವನ್ನು ದಾಟಿ ಚನ್ನಪಟ್ಟಣವನ್ನು ತಲಪುವ ಮುನ್ನ ಕೆಂಗಲ್ ಎಂಬ ಕ್ಷೇತ್ರ ಎದುರಾಗುತ್ತದೆ. ಅಲ್ಲಿಯ ಆಂಜನೇಯಸ್ವಾಮಿ ಸುತ್ತಣ ಹಳ್ಳಿಗಳ ಆರಾಧ್ಯದೈವ. ಆ ಕ್ಷೇತ್ರದ ಹೆಸರನ್ನೇ ತಮ್ಮ ಹೆಸರಿನ ಮೊದಲಿಗೆ ಧರಿಸಿ ನಾಡಿನಾದ್ಯಂತ ಕೆಂಗಲ್ ಎಂದೇ ಪ್ರಖ್ಯಾತರಾದವರು ದಿವಂಗತ ಶ್ರೀ ಹನುಮಂತಯ್ಯನವರು. ವಿಧಾನಸೌಧವನ್ನು ಕಟ್ಟಿಸಿದ ಮುಖ್ಯಮಂತ್ರಿ ಎಂದು ಶಾಲೆಯ ಮಕ್ಕಳೂ ಅವರನ್ನು ಬಲ್ಲರು. ಆದರೆ ಶಾಸನಸಭೆಯ ಮಂದಿರವನ್ನು ಕಟ್ಟಿಸಿದ ಆ ಮಹನೀಯರು ಶಾಸನಸಭೆಗಳ ಒಳಗೆ ಏನನ್ನು ಪ್ರತಿಪಾದಿಸಿದರು, ಯಾವ ಶಾಸನಗಳಿಗೆ ಕಾರಣರಾದರು, ಅದಕ್ಕಾಗಿ ಯಾವ ಬೆಲೆಯನ್ನು ತೆತ್ತರು ಎಂಬುದನ್ನು ಬಲ್ಲವರು ವಿರಳ. ಕಲ್ಲಿನ ಕಟ್ಟಡ ಕಣ್ಣಿಗೆ ಕಾಣುತ್ತದೆ. ಸಭೆಯಲ್ಲಿ ಆಡಿದ ಮಾತು ನಡವಳಿಗಳ ಸಂಪುಟಗಳಲ್ಲಿ ಧೂಳು ಹಿಡಿದು ಕುಳಿತಿರುತ್ತದೆ. ಆ ಮಾತಿನ ಕಡೆಗೆ ವಾಚಕರ ಗಮನವನ್ನು ಸೆಳೆಯುವುದೇ ಈ ಲೇಖನದ ಉದ್ದೇಶ.

ರಾಮನಗರಕ್ಕೆ ಸಮೀಪದ ಲಕ್ಕಪ್ಪನಹಳ್ಳಿ ಎಂಬ ಸಣ್ಣ ಗ್ರಾಮದ ಒಕ್ಕಲು ಮನೆತನವೊಂದರಲ್ಲಿ 1908ರ ಫೆಬ್ರವರಿಯಲ್ಲಿ ಅವರು ಜನಿಸಿದರು. ಅಂದು ರಾಮನಗರಕ್ಕೆ ಆ ಹೆಸರಿರಲಿಲ್ಲ. ಬ್ಯಾರಿ ಕ್ಲೋಸ್ ಎಂಬ ಆಂಗ್ಲ ಅಧಿಕಾರಿಯ ಹೆಸರಿನಿಂದ ಅದು ಕ್ಲೋಸ್‌ಪೇಟೆ ಎನಿಸಿಕೊಂಡಿತ್ತು. ಊರಿಗೆ ರಾಮನಗರವೆಂಬ ಹೆಸರು ಬಂದದ್ದು ಹನುಮಂತಯ್ಯನವರಿಂದಲೇ ಎಂದು ಅಲ್ಲಿಯ ಜನ ಇಂದಿಗೂ ಹೇಳುವುದುಂಟು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳು ಬಹುಕಾಲ ಬೆಂಗಳೂರು ಜಿಲ್ಲೆಯ ಹಿತ್ತಿಲಿನಂತಿದ್ದವು. ರೇಷ್ಮೆಗೂಡು, ರಾಗಿ, ಮರದ ಬೊಂಬೆ ಮತ್ತು ಬಂಡೆಗಲ್ಲು ಇವೇ ಅವುಗಳ ಸಂಪತ್ತು. 2007ರಲ್ಲಿ ಇವು ನಾಲ್ಕೂ ಸೇರಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರನ್ನು ಇಡಲಾಯಿತು. ಇಂತಹ ಒಣಭೂಮಿಯ ಹಳ್ಳಿಯಿಂದ ಹೊರಟ ಬಾಲಕನು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1930ರಲ್ಲಿ ಬಿ.ಎ. ಪದವಿಯನ್ನೂ, ಪುಣೆಯಲ್ಲಿ 1932ರಲ್ಲಿ ಕಾನೂನು ಪದವಿಯನ್ನೂ ಪಡೆದು, ಬೆಂಗಳೂರಿನಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದನು. ವೃತ್ತಿ ಕುದುರುವ ವೇಳೆಗೆ ಸ್ವಾತಂತ್ರ್ಯದ ಕರೆ ಬಂತು. ಕಾಂಗ್ರೆಸ್ಸಿಗೆ ಸೇರಿದ ಹನುಮಂತಯ್ಯನವರು ಹಲವು ಬಾರಿ ಸೆರೆಮನೆಯನ್ನೂ ಕಂಡರು.

ಅವರ ಸಂಸದೀಯ ಜೀವನಕ್ಕೆ ಓಂಕಾರವಾದದ್ದು ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲಿ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಸ್ಥಾಪಿತವಾದ ಆ ಸಭೆ ದೇಶೀಯ ಸಂಸ್ಥಾನಗಳಲ್ಲೆಲ್ಲ ಮೊದಲನೆಯದೆಂದು ಮೈಸೂರಿಗರು ಹೆಮ್ಮೆಪಡುವುದು ಸಹಜವೇ. ಆದರೆ ಅದಕ್ಕೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ಹೊಸ ತೆರಿಗೆಯನ್ನಾಗಲಿ ಹೊಸ ಮಸೂದೆಯ ತತ್ತ್ವವನ್ನಾಗಲಿ ಕುರಿತು ಸಭೆಯ ಅಭಿಪ್ರಾಯವನ್ನು ಸರ್ಕಾರವು ಕೇಳಬೇಕಾಗಿತ್ತು. ಕೇಳಿದಂತೆ ನಡೆಯಬೇಕೆಂಬ ನಿರ್ಬಂಧವಿರಲಿಲ್ಲ. ಹಳ್ಳಿಯ ಕೆರೆ ಒಡೆದಿದೆ, ಶಾಲೆಗೆ ಸೂರಿಲ್ಲ, ಔಷಧಾಲಯಕ್ಕೆ ವೈದ್ಯರಿಲ್ಲ ಎಂದು ರೈತಪ್ರತಿನಿಧಿಗಳು ವರ್ಷವರ್ಷವೂ ಅಹವಾಲು ಹೇಳಿಕೊಳ್ಳುವರು. ದಿವಾನರು ಸಾವಧಾನದಿಂದ ಆಲಿಸಿ ಪರಿಶೀಲಿಸುವುದಾಗಿ ಉತ್ತರ ಕೊಡುವರು. 1940ರ ದಶಕದಲ್ಲಿ ಈ ಸಭೆಯಲ್ಲಿ ಕಾಂಗ್ರೆಸ್ ಪಕ್ಷದ ಮುಂದಾಳಾಗಿದ್ದ ಹನುಮಂತಯ್ಯನವರಿಗೆ ಅಹವಾಲಿಗೂ ಅಧಿಕಾರಕ್ಕೂ ಇರುವ ಅಂತರ ಅಲ್ಲಿ ಚೆನ್ನಾಗಿ ಮನವರಿಕೆಯಾಗಿರಬೇಕು. ಬೇಡುವ ಸಭೆ ಬೇರೆ, ಮಾಡುವ ಸಭೆ ಬೇರೆ. ಮುಂದೆ ಅವರು ಎಲ್ಲಿ ಮಾತನಾಡಿದರೂ ಈ ವಿವೇಚನೆ ಅವರನ್ನು ಬಿಡಲಿಲ್ಲವೆಂದು ನಮ್ಮ ಭಾವನೆ.

1947ರ ಮೈಸೂರು ಚಲೋ ಚಳವಳಿಯ ಫಲವಾಗಿ ಅಕ್ಟೋಬರ್ ತಿಂಗಳಲ್ಲಿ ಜವಾಬ್ದಾರಿ ಸರ್ಕಾರ ಬಂತು, ಶ್ರೀ ಕೆ.ಸಿ. ರೆಡ್ಡಿಯವರು ಅದರ ನಾಯಕರಾದರು. ಹನುಮಂತಯ್ಯನವರು ಭಾರತದ ಸಂವಿಧಾನ ರಚನಾ ಸಭೆಯಲ್ಲಿ ಮೈಸೂರಿನ ಪ್ರತಿನಿಧಿಗಳಲ್ಲೊಬ್ಬರಾಗಿ ದೆಹಲಿಯಲ್ಲಿ ಕುಳಿತರು. ಆ ಸಭೆಯಲ್ಲಿ 1949ರ ನವೆಂಬರ್ 17ರಂದು ಅವರು ಮಾಡಿದ ಭಾಷಣವು ನಮ್ಮ ಸಂವಿಧಾನದ ಇತಿಹಾಸವನ್ನು ಬರೆದವರೆಲ್ಲರ ಕಣ್ಣಿಗೂ ಬಿದ್ದಿದೆ. ಸಂವಿಧಾನದ ಅಂಗೀಕಾರಕ್ಕೆ ಇನ್ನು ಒಂಬತ್ತೇ ದಿನ ಉಳಿದಿತ್ತು. ಸಭೆಯ ತುಂಬ ಅಭಿನಂದನೆಯ ವಾತಾವರಣ. ಆ ಸಂದರ್ಭದಲ್ಲಿ ಎದ್ದುನಿಂತ ಈ ಮೈಸೂರಿಗರು, ತಾವು ಬಯಸಿದ್ದು ವೀಣೆಯ ಅಥವಾ ಸಿತಾರಿನ ನಾದವನ್ನು, ಆದರೆ ಕಿವಿಗೆ ಬೀಳುತ್ತಿರುವುದು ಇಂಗ್ಲಿಷ್ ಬ್ಯಾಂಡಿನ ಸದ್ದು ಎಂಬರ್ಥದ ಮಾತನ್ನಾಡಿದರು. ಕರಡನ್ನು ಬರೆದವರ ವಿದ್ಯಾಭ್ಯಾಸ ಆ ಬಗೆಯದಾಗಿತ್ತು, ಅವರನ್ನು ದೂರಿ ಫಲವಿಲ್ಲ, ಅವರಿಗೆ ಆ ಕೆಲಸವನ್ನು ಒಪ್ಪಿಸಿದ ನಾವೇ ಹೊಣೆಗಾರರು ಎಂದೂ ಸೇರಿಸಿದರು.

ಈ ಮಾತನ್ನು ಕೇವಲ ಚಮತ್ಕಾರವೆಂದು ಭಾವಿಸಿ ಮುಂದೆ ಸಾಗಿದವರು ಅನೇಕರು. ಅವರ ಆಕ್ಷೇಪಣೆಯ ತಿರುಳು ಬೇರೆಯಿತ್ತು. ಮಹಾತ್ಮಾ ಗಾಂಧಿಯವರು ಕಂಡ ರಾಜ್ಯವ್ಯವಸ್ಥೆಯಲ್ಲಿ ಹಳ್ಳಿ ಬುಡ, ದೆಹಲಿ ತುದಿ. ಬುಡ ಅಗಲವಾಗಿ ಭದ್ರವಾಗಿರಬೇಕು. ಹೊಸ ಸಂವಿಧಾನದಲ್ಲಿ ಭಾರವೆಲ್ಲ ಮೇಲ್ಗಡೆ ಕೂಡಿಕೊಂಡಿದೆ, ಇದು ಗಾಂಧೀಜಿಯವರು ಬಯಸಿದ ಬಗೆಯದಲ್ಲ ಎಂಬುದೇ ಅವರ ವಾದ. ಗ್ರಾಮ ಪಂಚಾಯತಿಗಳ ವಿಷಯ ಸಂವಿಧಾನದಲ್ಲಿ ಬಂದದ್ದು 40ನೆಯ ವಿಧಿಯಲ್ಲಿ, ಅದೂ ನ್ಯಾಯಾಲಯದಲ್ಲಿ ಕೇಳಲಾಗದ ನಿರ್ದೇಶಕ ತತ್ತ್ವವಾಗಿ ಮಾತ್ರ ಎಂಬುದನ್ನು ನೆನೆದರೆ ಅವರ ಅತೃಪ್ತಿ ಅರ್ಥವಾಗುತ್ತದೆ. ಪಂಚಾಯತಿಗಳಿಗೆ ಸಂವಿಧಾನದಲ್ಲಿ ಭದ್ರವಾದ ಸ್ಥಾನ ದೊರೆಯಲು 73ನೆಯ ತಿದ್ದುಪಡಿಯವರೆಗೆ, ಅಂದರೆ 1993ರವರೆಗೆ ದೇಶವು ಕಾಯಬೇಕಾಯಿತು. ಇಷ್ಟಾದರೂ ಸಮಗ್ರವಾಗಿ ಅವರು ಸಂವಿಧಾನವನ್ನು ತಿರಸ್ಕರಿಸಲಿಲ್ಲ. ದೋಷವನ್ನು ಸಭೆಯಲ್ಲಿ ಹೇಳಿ, ಸಭೆಯ ತೀರ್ಮಾನಕ್ಕೆ ತಲೆಬಾಗಿ, ಅದರ ಅಡಿಯಲ್ಲಿಯೇ ಕೆಲಸ ಮಾಡಲು ಊರಿಗೆ ಮರಳಿದರು.

ವಯಸ್ಕ ಮತದಾನದ ಮೇಲೆ ನಡೆದ ಪ್ರಥಮ ಮಹಾಚುನಾವಣೆಯಲ್ಲಿ ಮೈಸೂರು ವಿಧಾನಸಭೆಯ 99 ಸ್ಥಾನಗಳ ಪೈಕಿ 74 ಕಾಂಗ್ರೆಸ್ಸಿಗೆ ಬಂದವು. ರಾಮನಗರದಿಂದ ಆಯ್ಕೆಯಾದ ಹನುಮಂತಯ್ಯನವರು 1952ರ ಮಾರ್ಚ್ 30ರಂದು ಮುಖ್ಯಮಂತ್ರಿಗಳಾದರು. ದೆಹಲಿಯಲ್ಲಿ ಹಳ್ಳಿಯ ಪರವಾಗಿ ವಾದಿಸಿದವರಿಗೆ ಈಗ ತಮ್ಮದೇ ಸಭೆಯಲ್ಲಿ ಅದನ್ನು ಮಾಡಿ ತೋರಿಸುವ ಅವಕಾಶ ದೊರೆಯಿತು. ಅದೇ ವರ್ಷ ಗ್ರಾಮ ಪಂಚಾಯತಿಗಳ ಹಾಗೂ ಜಿಲ್ಲಾ ಬೋರ್ಡುಗಳ ಶಾಸನವೂ, ಗೇಣಿದಾರರ ರಕ್ಷಣೆಯ ಶಾಸನವೂ ರೂಪುಗೊಂಡವು. ಪಂಚಾಯತಿಗೆ ಹಣದ ಬಲ ಸಾಕಷ್ಟು ಬರಲಿಲ್ಲವೆಂಬುದು ನಿಜ. ಆದರೂ ಹಳ್ಳಿಯ ಚರಂಡಿ, ಕುಡಿಯುವ ನೀರು, ದೀಪ, ನೈರ್ಮಲ್ಯ ಇವು ಅಮಲ್ದಾರರ ದಯೆಯ ವಿಷಯವಾಗದೆ ಹಳ್ಳಿಗರು ತಾವೇ ಆರಿಸಿದ ಸಭೆಯ ಹೊಣೆಯಾಗಬೇಕೆಂಬ ತತ್ತ್ವ ಶಾಸನದಲ್ಲಿ ಸೇರಿತು.

ಇನಾಮು ರದ್ಧತಿಯ ಶಾಸನಗಳ ವಿಚಾರ ನಮ್ಮ ಸಮಾಜದ ವಾಚಕರಿಗೆ ಹೆಚ್ಚು ಹತ್ತಿರದ್ದು. ಹಳೆಯ ಮೈಸೂರಿನಲ್ಲಿ ಸಾವಿರಾರು ಎಕರೆ ಜಮೀನು ಅರಸರಿಂದ ಇನಾಮಾಗಿ ಪಡೆದವರ ವಶದಲ್ಲಿತ್ತು. ಅದನ್ನು ಉಳುವ ರೈತನು ಇನಾಮುದಾರನಿಗೆ ಕೊಡಬೇಕಾದದ್ದನ್ನು ಕೊಟ್ಟು ಉಳಿದದ್ದರಲ್ಲಿ ಬದುಕಬೇಕಾಗಿತ್ತು. ಶ್ರೀ ಕಡಿದಾಳ್ ಮಂಜಪ್ಪನವರು ಕಂದಾಯ ಸಚಿವರಾಗಿದ್ದ ಹನುಮಂತಯ್ಯನವರ ಸರ್ಕಾರವು ವೈಯಕ್ತಿಕ ಇನಾಮುಗಳ ರದ್ಧತಿಯ ಶಾಸನವನ್ನು 1954ರಲ್ಲಿಯೂ, ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳ ರದ್ಧತಿಯ ಶಾಸನವನ್ನು 1955ರಲ್ಲಿಯೂ ತಂದಿತು. ಎರಡನೆಯ ಶಾಸನವು ದೇವಾಲಯ, ಮಠ, ಬಸದಿಗಳೆಲ್ಲಕ್ಕೂ ತಟ್ಟುವಂತಹುದು. ದೀಪಕ್ಕೆ, ನೈವೇದ್ಯಕ್ಕೆ, ನಿತ್ಯಪೂಜೆಗೆ ಎಂದು ಶತಮಾನಗಳ ಹಿಂದೆ ಬಿಟ್ಟ ಭೂಮಿ ಸರ್ಕಾರಕ್ಕೆ ಸೇರಿ, ಅದಕ್ಕೆ ಪ್ರತಿಯಾಗಿ ವರ್ಷಕ್ಕೆ ಇಷ್ಟೆಂದು ನಿಗದಿಯಾದ ತಸ್ತೀಕು ಬರತೊಡಗಿತು. ನೆಲದ ಬೆಲೆ ಏರುತ್ತದೆ, ಬೆಳೆಯ ಬೆಲೆಯೂ ಏರುತ್ತದೆ. ನಗದು ಮೊತ್ತ ಹಾಗೆ ತಾನಾಗಿ ಏರುವುದಿಲ್ಲ. ತಸ್ತೀಕಿನ ಹಣದಲ್ಲಿ ನಂದಾದೀಪದ ಎಣ್ಣೆಗೂ ಸಾಲದೆಂದು ಅರ್ಚಕರು ಗೊಣಗುವುದನ್ನು ಯಾರು ಕೇಳಿಲ್ಲ? ಆ ಗೊಣಗಾಟದಲ್ಲಿ ಸತ್ಯವಿದೆ. ಉತ್ತು ಬಿತ್ತಿದವನಿಗೆ ನೆಲದ ಮೇಲೆ ಹಕ್ಕಿಲ್ಲದ ಸ್ಥಿತಿಯನ್ನು ದೇವರ ಹೆಸರಿನಲ್ಲಾದರೂ ಉಳಿಸಿಕೊಳ್ಳುವುದು ಧರ್ಮವಲ್ಲವೆಂಬುದರಲ್ಲಿಯೂ ಸತ್ಯವಿದೆ. ಶಾಸನದ ತತ್ತ್ವ ಸರಿಯಾಗಿತ್ತು, ಪರಿಹಾರದ ಲೆಕ್ಕ ದೂರದೃಷ್ಟಿಯದಾಗಿರಲಿಲ್ಲ ಎಂದು ಹೇಳಿದರೆ ಆ ಸರ್ಕಾರಕ್ಕೆ ಅನ್ಯಾಯವಾಗಲಾರದು. ಇದೇ ಸರ್ಕಾರದ ಅವಧಿಯಲ್ಲಿ, 1953ರ ಮಾರ್ಚ್ ತಿಂಗಳಲ್ಲಿ, ಶ್ರವಣಬೆಳಗೊಳದ ಭಗವಾನ್ ಬಾಹುಬಲಿಸ್ವಾಮಿಗೆ ಮಹಾಮಸ್ತಕಾಭಿಷೇಕವು ನೆರವೇರಿತೆಂಬುದನ್ನು ಹಿರಿಯರು ಸ್ಮರಿಸುತ್ತಿದ್ದರು.

ಆರೋಗ್ಯದ ವಿಷಯಕ್ಕೆ ಬಂದರೆ, ಮುಖ್ಯಮಂತ್ರಿಗಳ ಸ್ವಂತ ಕ್ಷೇತ್ರವೇ ಆ ವರ್ಷಗಳಲ್ಲಿ ಲೋಕದ ಕುತೂಹಲಕ್ಕೆ ಪಾತ್ರವಾಗಿತ್ತು. ಸಂತಾನ ನಿಯಂತ್ರಣವನ್ನು ಸರ್ಕಾರ ಕೈಗೆತ್ತಿಕೊಳ್ಳಬಹುದೇ ಎಂಬ ಪ್ರಶ್ನೆ ಆಗ ದೇಶದಲ್ಲಿ ಬಿಸಿಯಾಗಿತ್ತು. ಮೈಸೂರಿಗೆ ಅದು ಹೊಸದೇನಲ್ಲ. 1930ರಲ್ಲಿಯೇ ಇಲ್ಲಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಅದಕ್ಕಾಗಿ ಚಿಕಿತ್ಸಾಲಯಗಳು ತೆರೆದಿದ್ದವು. ಆದರೆ ಕೇಂದ್ರದ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ ಕೌರ್ ಅವರು ಗಾಂಧೀಜಿಯವರ ಅನುಯಾಯಿನಿ. ಸಂಯಮವೊಂದೇ ಅವರಿಗೆ ಸಮ್ಮತವಾದ ಮಾರ್ಗ. ಅವರ ಕೋರಿಕೆಯ ಮೇರೆಗೆ ವಿಶ್ವ ಆರೋಗ್ಯ ಸಂಸ್ಥೆಯು ದಿನಗಣನೆಯ ಸಂಯಮ ಕ್ರಮವನ್ನು ಪರೀಕ್ಷಿಸಲು ಭಾರತದಲ್ಲಿ ಎರಡು ಸ್ಥಳಗಳನ್ನು ಆರಿಸಿತು. ಒಂದು ದೆಹಲಿಯ ಲೋದಿ ಕಾಲೊನಿ. ಇನ್ನೊಂದು ನಮ್ಮ ರಾಮನಗರ. ಅಕ್ಷರ ಬಾರದ ಗೃಹಿಣಿಯರಿಗೆ ದಿನಗಳನ್ನು ಎಣಿಸಲು ಬಣ್ಣಬಣ್ಣದ ಮಣಿಗಳ ಸರಗಳನ್ನು ಕೊಟ್ಟು, ದಿನಕ್ಕೊಂದು ಮಣಿಯನ್ನು ಸರಿಸಲು ಹೇಳಿದರು. ಸಂಯಮದ ಮಾರ್ಗವು ತತ್ತ್ವತಃ ಹಿರಿದಾದರೂ ಈ ಪ್ರಯೋಗ ಫಲಕಾರಿಯಾಗಲಿಲ್ಲ. ಮಣಿ ಸರಿಸುವುದು ಮರೆಯುವುದಷ್ಟೇ ತೊಡಕಾಗಿರಲಿಲ್ಲ. ಹಳ್ಳಿಯ ಮನೆಯೊಳಗಣ ಜೀವನ ಲೆಕ್ಕದ ಸರಕ್ಕೆ ಒಗ್ಗುವಂತಹುದಲ್ಲ. ದೂರದಲ್ಲಿ ಕುಳಿತು ರೂಪಿಸಿದ ಯೋಜನೆಯು ಹಳ್ಳಿಯ ಅಂಗಳದಲ್ಲಿ ಹೇಗೆ ಸೊರಗುತ್ತದೆಂಬುದಕ್ಕೆ ರಾಮನಗರದ ಈ ಮಣಿಸರ ಒಂದು ನಿದರ್ಶನ. ಅದೇ ಕಾಲದಲ್ಲಿ, 1954ರಲ್ಲಿ, ಕೇಂದ್ರ ಸರ್ಕಾರದ ಸಹಯೋಗದಿಂದ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಮುಂದೆ ನಿಮ್ಹಾನ್ಸ್ ಎಂದು ವಿಖ್ಯಾತವಾದದ್ದು ಅದೇ.

ವಿದ್ಯೆಯೆಂದರೆ ಶಾಲೆಯ ನಾಲ್ಕು ಗೋಡೆಯಷ್ಟೇ ಅಲ್ಲವೆಂಬುದು ಹನುಮಂತಯ್ಯನವರ ನಿಲುವಾಗಿತ್ತು. ಅವರ ತಾಲ್ಲೂಕಿನ ನೆರೆಯ ಕನಕಪುರದಲ್ಲಿ ಶ್ರೀ ಎಸ್. ಕರಿಯಪ್ಪನವರಂಥವರು ಗ್ರಾಮಾಂತರ ವಿದ್ಯಾಪ್ರಚಾರಕ್ಕಾಗಿ ಜೀವ ಸವೆಸುತ್ತಿದ್ದ ಕಾಲವದು. ಸರ್ಕಾರದ ಕಡೆಯಿಂದ ಹನುಮಂತಯ್ಯನವರು ಸಾಹಿತ್ಯ ಮತ್ತು ಸಂಸ್ಕೃತಿಯ ಅಭಿವೃದ್ಧಿಗೆಂದೇ ಒಂದು ಇಲಾಖೆಯನ್ನು ಏರ್ಪಡಿಸಿದರು. ಅದರ ಫಲಗಳಲ್ಲಿ ಜನಸಾಮಾನ್ಯರು ಮರೆಯದಿರುವುದು ಕುಮಾರವ್ಯಾಸ ಭಾರತದ ಸುಲಭ ಬೆಲೆಯ ಆವೃತ್ತಿ. ಕುವೆಂಪು ಹಾಗೂ ಮಾಸ್ತಿಯವರ ಸಂಪಾದಕತ್ವದಲ್ಲಿ ಅದು 1958ರಲ್ಲಿ, ಅಂದರೆ ಅವರು ಅಧಿಕಾರ ಬಿಟ್ಟ ಮೇಲೆ, ಎರಡು ರೂಪಾಯಿಗೆ ದೊರೆಯುವಂತೆ ಹೊರಬಂದಿತು. ಗಮಕಿಗಳ ಬಾಯಲ್ಲಿ ಕೇಳಿ ಮಾತ್ರ ತಿಳಿದಿದ್ದ ಕಾವ್ಯವನ್ನು ಒಕ್ಕಲು ಮಕ್ಕಳು ತಮ್ಮದೇ ಮನೆಯ ಗೂಡಿನಲ್ಲಿ ಇರಿಸಿಕೊಳ್ಳುವಂತಾದುದು ಸಾಮಾನ್ಯವೇ?

ವಿಧಾನಸೌಧದ ವಿಚಾರವನ್ನು ಇಲ್ಲಿ ಲಂಬಿಸುವುದಿಲ್ಲ. ಅಲ್ಲಿಯವರೆಗೆ ಶಾಸನಸಭೆಯು ಅಠಾರಾ ಕಚೇರಿಯಲ್ಲಿ ಇಕ್ಕಟ್ಟಿನಲ್ಲಿ ಸೇರುತ್ತಿತ್ತು. 1951ರ ಜುಲೈ 13ರಂದು ಪಂಡಿತ್ ನೆಹರೂ ಅವರು ಅಡಿಗಲ್ಲಿಟ್ಟ ಸರಳ ಕಟ್ಟಡದ ನಕ್ಷೆಯನ್ನು ಹನುಮಂತಯ್ಯನವರು ಬದಲಾಯಿಸಿ, ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅವರ ನೇತೃತ್ವದಲ್ಲಿ ಈ ನಾಡಿನ ಶಿಲ್ಪಸಂಪ್ರದಾಯಕ್ಕೆ ಅನುಗುಣವಾದ ಕಲ್ಲಿನ ಮಹಾಮಂದಿರವನ್ನಾಗಿಸಿದರು. ಸೆರೆಮನೆಯ ಕೈದಿಗಳೂ ಸೇರಿ ಸಾವಿರಾರು ಕೈಗಳು ದುಡಿದವು. ವೆಚ್ಚ ಒಂದೂಮುಕ್ಕಾಲು ಕೋಟಿಯನ್ನು ಮುಟ್ಟಿತು. ಹಳ್ಳಿಗೆ ಹಣವಿಲ್ಲದಾಗ ರಾಜಧಾನಿಗೆ ಅರಮನೆಯೇಕೆ ಎಂಬ ಟೀಕೆ ಸಭೆಯೊಳಗೂ ಹೊರಗೂ ಎದ್ದಿತು. ಮುಂದೆ ವಿಚಾರಣೆಯೂ ನಡೆಯಿತು. ಸಂವಿಧಾನ ಸಭೆಯಲ್ಲಿ ಹಳ್ಳಿಯ ಪರವಾಗಿ ವಾದಿಸಿದವರೇ ಹೀಗೆ ಮಾಡಿದರಲ್ಲಾ ಎಂದು ಕೇಳುವವರ ಪ್ರಶ್ನೆ ಅಯುಕ್ತವಾದುದೇನಲ್ಲ. ವೀಣೆಯ ನಾದವನ್ನು ಬಯಸಿದವರು ಅದನ್ನು ಕಲ್ಲಿನಲ್ಲಿ ಕೇಳಿಸಹೊರಟರೆಂದು ನಾವು ಸಮಾಧಾನ ಹೇಳಿಕೊಳ್ಳಬಹುದು, ಟೀಕಾಕಾರರು ಒಪ್ಪಬೇಕಾಗಿಲ್ಲ. ಅವರ ಸ್ವಭಾವದಲ್ಲಿ ಬಿಗುಮಾನವೂ ಹಟವೂ ಇದ್ದವೆಂಬುದನ್ನು ಅವರ ಅಭಿಮಾನಿಗಳೂ ಅಲ್ಲಗಳೆಯಲಾರರು.

ಈ ಎಲ್ಲಕ್ಕಿಂತ ಮಿಗಿಲಾಗಿ ಅವರ ಸಂಸದೀಯ ಜೀವನದ ಅಗ್ನಿಪರೀಕ್ಷೆಯೆನಿಸಿದ್ದು ಕರ್ನಾಟಕ ಏಕೀಕರಣದ ಚರ್ಚೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚಿತವಾದಾಗ ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದ್ದವು. ಅನಂತರ ನೇಮಕವಾದ ಫಜಲ್ ಅಲಿ ಆಯೋಗವು 1955ರ ಸೆಪ್ಟೆಂಬರ್ ಅಂತ್ಯದಲ್ಲಿ ವರದಿಯನ್ನು ಸಲ್ಲಿಸಿತು. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಇಲ್ಲೆಲ್ಲ ಹರಿದು ಹಂಚಿಹೋಗಿದ್ದ ಕನ್ನಡಿಗರು ಮೈಸೂರಿನೊಡನೆ ಒಂದಾಗಲು ಆಯೋಗ ಸಮ್ಮತಿಸಿತು. ಆದರೆ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದೂ ಅದು ಹೇಳಿತು. ವರದಿಯು ಮೈಸೂರು ಶಾಸನಸಭೆಯ ಮುಂದೆ ಚರ್ಚೆಗೆ ಬಂದಿತು.

ಆ ಚರ್ಚೆಯಲ್ಲಿ ಹಳೆಯ ಮೈಸೂರಿನ ಅನೇಕ ಸದಸ್ಯರ ಮನಸ್ಸಿನಲ್ಲಿದ್ದ ಭೀತಿಯನ್ನು ಇಂದಿನವರು ಸುಮ್ಮನೆ ಹಳಿಯಬಾರದು. ಮೈಸೂರಿನ ಜನಸಂಖ್ಯೆ 1951ರ ಗಣತಿಯಂತೆ ಸುಮಾರು 90 ಲಕ್ಷ. ಹೊಸ ರಾಜ್ಯದಲ್ಲಿ ಅದು ಸುಮಾರು 1 ಕೋಟಿ 94 ಲಕ್ಷವಾಗುವುದು. ಕೃಷ್ಣರಾಜಸಾಗರ, ಶಿವನಸಮುದ್ರ, ಭದ್ರಾವತಿ, ವಿಶ್ವವಿದ್ಯಾನಿಲಯ ಇವನ್ನೆಲ್ಲ ಅರಸರೂ ದಿವಾನರೂ ಪ್ರಜೆಗಳ ತೆರಿಗೆಯಿಂದ ಕಟ್ಟಿ ಬೆಳೆಸಿದ್ದರು. ಶಾಲೆ, ಆಸ್ಪತ್ರೆ, ವಿದ್ಯುತ್ತುಗಳಲ್ಲಿ ಹಿಂದುಳಿದ ಪ್ರದೇಶಗಳ ಹೊರೆಯನ್ನು ಹೊತ್ತರೆ ನಮ್ಮ ಹಳ್ಳಿಗಳ ಗತಿಯೇನು ಎಂಬ ಪ್ರಶ್ನೆ ಸ್ವಾರ್ಥದ್ದಾದರೂ ನಿಜವಾದ ಪ್ರಶ್ನೆ. ಮೈಸೂರು ಬೇರೆ, ಕರ್ನಾಟಕ ಬೇರೆ, ಕನ್ನಡಕ್ಕೆ ಎರಡು ರಾಜ್ಯಗಳಿದ್ದರೇನು ಎಂಬ ವಾದವೂ ಬಲವಾಗಿತ್ತು. ಇದರ ಹಿಂದೆ ಬಾಯಿಬಿಟ್ಟು ಹೇಳದ ಇನ್ನೊಂದು ಲೆಕ್ಕವಿತ್ತು. ಹಳೆಯ ಮೈಸೂರಿನಲ್ಲಿ ಒಕ್ಕಲಿಗ ಸಮುದಾಯ ಪ್ರಬಲ. ವಿಶಾಲ ರಾಜ್ಯದಲ್ಲಿ ಆ ಪ್ರಾಬಲ್ಯ ಉಳಿಯದು. ಹನುಮಂತಯ್ಯನವರು ಆ ಸಮುದಾಯದವರೇ. ಅವರ ಬೆಂಬಲಿಗರಲ್ಲಿ ಹಲವರು ಏಕೀಕರಣದ ವಿರೋಧಿಗಳು. ಮೌನವಾಗಿದ್ದರೂ ಅವರಿಗೆ ನಷ್ಟವಿರಲಿಲ್ಲ. ವಿರೋಧಿಸಿದ್ದರೆ ಲಾಭವೇ ಇತ್ತು.

ಅವರು ಏಕೀಕರಣದ ಪರವಾಗಿ ನಿಂತರು. ಸಭಾನಾಯಕರಾಗಿ, ತಮ್ಮ ಪಕ್ಷದ ಅಸಮಾಧಾನವನ್ನು ಎದುರಿಗೇ ಕಾಣುತ್ತ, ಕನ್ನಡಿಗರೆಲ್ಲರ ಒಂದೇ ರಾಜ್ಯಕ್ಕೆ ತಮ್ಮ ಬೆಂಬಲವನ್ನು ಘೋಷಿಸಿದರು. ಬಳ್ಳಾರಿ ಮೈಸೂರಿನಲ್ಲಿಯೇ ಉಳಿಯಿತು. ಆಯೋಗದ ಆ ಸಲಹೆಯನ್ನು ಸಂಸತ್ತು ಒಪ್ಪಲಿಲ್ಲ. ಹೊಸ ರಾಜ್ಯ ಬರುವ ಮೊದಲೇ ಶಾಸಕಾಂಗ ಪಕ್ಷದಲ್ಲಿ ಅವರ ವಿರುದ್ಧ ಬಲ ಕೂಡಿತು. ಅದಕ್ಕೆ ಏಕೀಕರಣವೊಂದೇ ಕಾರಣವಲ್ಲ. ಬಣಗಳ ಕಲಹವೂ, ಹಿಂದೆ ಕೆ.ಸಿ. ರೆಡ್ಡಿಯವರ ವಿರುದ್ಧ ತಾವೇ ನಡೆಸಿದ ಹೋರಾಟದ ನೆನಪೂ, ಅವರ ಬಿಗುಮಾನವೂ ಸೇರಿಕೊಂಡವು. 1956ರ ಆಗಸ್ಟ್ 19ರಂದು ಅವರು ಅಧಿಕಾರದಿಂದ ಇಳಿದರು. ಕಡಿದಾಳ್ ಮಂಜಪ್ಪನವರು ಎರಡೂವರೆ ತಿಂಗಳ ಕಾಲ ಮುಖ್ಯಮಂತ್ರಿಗಳಾದರು. ನವೆಂಬರ್ 1ರಂದು ವಿಶಾಲ ಮೈಸೂರು ಉದಯವಾಯಿತು. ಅದರ ಶಾಸನಸಭೆ ಹೊಸ ಸೌಧದಲ್ಲಿ ಸೇರಿದಾಗ ಮುಖ್ಯಮಂತ್ರಿಯ ಆಸನದಲ್ಲಿದ್ದವರು ಶ್ರೀ ಎಸ್. ನಿಜಲಿಂಗಪ್ಪನವರು. ಆ ಆಸನವನ್ನು ಮಾಡಿಸಿದವರಿಗೆ ಅದರಲ್ಲಿ ಕೂರುವ ಯೋಗ ಮತ್ತೆ ಬರಲಿಲ್ಲ.

1962ರಲ್ಲಿ ಬೆಂಗಳೂರು ನಗರದಿಂದ ಲೋಕಸಭೆಗೆ ಆಯ್ಕೆಯಾದ ಮೇಲೆ ಅವರ ಜೀವನದ ಮತ್ತೊಂದು ಘಟ್ಟ ಪ್ರಾರಂಭವಾಯಿತು. 1966ರ ಜನವರಿಯಲ್ಲಿ ಭಾರತ ಸರ್ಕಾರವು ಶ್ರೀ ಮೊರಾರ್ಜಿ ದೇಸಾಯಿಯವರ ಅಧ್ಯಕ್ಷತೆಯಲ್ಲಿ ಆಡಳಿತ ಸುಧಾರಣಾ ಆಯೋಗವನ್ನು ನೇಮಿಸಿದಾಗ ಹನುಮಂತಯ್ಯನವರು ಅದರ ಸದಸ್ಯರಾದರು. ಮರುವರ್ಷ ಮೊರಾರ್ಜಿಯವರು ಉಪಪ್ರಧಾನಿಗಳಾದುದರಿಂದ ಅಧ್ಯಕ್ಷ ಪದವಿ ಇವರಿಗೆ ಬಂದಿತು. 1970ರ ವೇಳೆಗೆ ಆಯೋಗವು 20 ವರದಿಗಳಲ್ಲಿ 537 ಶಿಫಾರಸುಗಳನ್ನು ಸಲ್ಲಿಸಿತು. ವರದಿಗಳೆಂದರೆ ಓದುಗರಿಗೆ ಆಕಳಿಕೆ ಬರುವುದು ಸಹಜ. ಆದರೂ ಇವುಗಳಲ್ಲಿ ಎರಡು ಮೂರು ವಿಷಯಗಳನ್ನು ಗಮನಿಸಿದರೆ 1949ರಲ್ಲಿ ಮಾತನಾಡಿದ ಅದೇ ವ್ಯಕ್ತಿಯ ಧ್ವನಿ ಕೇಳಿಸುತ್ತದೆ.

ಸಾರ್ವಜನಿಕ ಆರೋಗ್ಯವೂ ಆಸ್ಪತ್ರೆಗಳೂ ಸಂವಿಧಾನದ ಏಳನೆಯ ಅನುಸೂಚಿಯಂತೆ ರಾಜ್ಯಗಳ ಪಟ್ಟಿಗೆ ಸೇರಿದವು. ಶಿಕ್ಷಣವೂ ಆಗ ಹಾಗೆಯೇ ಇತ್ತು. ಅದು ಸಮವರ್ತಿ ಪಟ್ಟಿಗೆ ಹೋದದ್ದು 1976ರ 42ನೆಯ ತಿದ್ದುಪಡಿಯಿಂದ. ಹೀಗಿದ್ದರೂ ದೆಹಲಿಯ ಸಚಿವಾಲಯಗಳು ಹಣದ ಜೊತೆಗೆ ಷರತ್ತುಗಳನ್ನು ಕಳುಹಿಸಿ ರಾಜ್ಯಗಳ ಕೈಯನ್ನು ಕಟ್ಟುತ್ತಿದ್ದವು. ಇಂತಹ ವಿಷಯಗಳಲ್ಲಿ ಕೇಂದ್ರವು ಮಾರ್ಗದರ್ಶನ, ಸಂಶೋಧನೆ, ತರಬೇತಿ, ಸಮನ್ವಯ ಇವಿಷ್ಟಕ್ಕೆ ತನ್ನನ್ನು ಮಿತಗೊಳಿಸಿಕೊಳ್ಳಬೇಕು. ಕೇಂದ್ರವೇ ಪ್ರಾಯೋಜಿಸುವ ಯೋಜನೆಗಳು ಆದಷ್ಟು ಕಡಿಮೆಯಿರಬೇಕು ಎಂದು ಆಯೋಗ ಹೇಳಿತು. ಇನ್ನು 1969ರ ಸಿಬ್ಬಂದಿ ಆಡಳಿತದ ವರದಿಯು ಅಧಿಕಾರಿವರ್ಗದಲ್ಲಿ ದೊಡ್ಡ ಚರ್ಚೆಯನ್ನೇ ಎಬ್ಬಿಸಿತು. ವೈದ್ಯನು ಆಸ್ಪತ್ರೆಯಲ್ಲಿ, ಉಪಾಧ್ಯಾಯನು ಶಾಲೆಯಲ್ಲಿ, ಎಂಜಿನಿಯರು ಕಾಲುವೆಯ ಏರಿಯ ಮೇಲೆ. ಆದರೆ ಆರೋಗ್ಯ, ವಿದ್ಯೆ, ನೀರಾವರಿಗಳ ನೀತಿಯನ್ನು ತೀರ್ಮಾನಿಸುವ ಮೇಲಿನ ಹುದ್ದೆಗಳೆಲ್ಲ ಐ.ಎ.ಎಸ್. ಅಧಿಕಾರಿಗಳಿಗೆ ಮೀಸಲು. ಈ ಪದ್ಧತಿ ಹೋಗಬೇಕು, ಹಿರಿಯ ಹುದ್ದೆಗಳ ಬಾಗಿಲು ಎಲ್ಲ ಸೇವೆಗಳ ತಜ್ಞರಿಗೂ ತೆರೆಯಬೇಕು ಎಂಬುದು ಆಯೋಗದ ಮತ. ಬಾಗಿಲು ಪೂರ್ತಿ ತೆರೆಯಲಿಲ್ಲ. ಆದರೂ ಸಿಬ್ಬಂದಿ ವ್ಯವಹಾರಗಳಿಗೆ ಒಂದು ಪ್ರತ್ಯೇಕ ಇಲಾಖೆ 1970ರಲ್ಲಿ ಕೇಂದ್ರದಲ್ಲಿ ಏರ್ಪಟ್ಟದ್ದು ಆಯೋಗದ ಸಲಹೆಯ ಫಲವೇ.

ಪ್ರಜೆಗಳ ಕುಂದುಕೊರತೆಗಳ ಬಗೆಗೆ ಆಯೋಗವು 1966ರಲ್ಲಿ ನೀಡಿದ ಮೊದಲನೆಯ ವರದಿಯಲ್ಲಿಯೇ ಕೇಂದ್ರಕ್ಕೆ ಲೋಕಪಾಲ, ರಾಜ್ಯಗಳಿಗೆ ಲೋಕಾಯುಕ್ತ ಎಂಬ ಸ್ವತಂತ್ರ ಅಧಿಕಾರಿಗಳನ್ನು ಸೂಚಿಸಿತ್ತು. ಪ್ರಜಾಪ್ರತಿನಿಧಿ ಸಭೆಯಲ್ಲಿ ಅಹವಾಲು ಹೇಳಿಕೊಂಡು ಉತ್ತರಕ್ಕೆ ಕಾಯುತ್ತಿದ್ದ ರೈತಪ್ರತಿನಿಧಿಗಳನ್ನು ಕಂಡಿದ್ದ ಹನುಮಂತಯ್ಯನವರು ಈ ಸಲಹೆಗೆ ಸಹಿ ಹಾಕಿದವರಲ್ಲೊಬ್ಬರು. 1968ರಲ್ಲಿ ಮಸೂದೆ ಮಂಡಿತವಾಯಿತು. 1969ರಲ್ಲಿ ಲೋಕಸಭೆ ಅದನ್ನು ಅಂಗೀಕರಿಸಿತು. ರಾಜ್ಯಸಭೆಯಲ್ಲಿ ಅದು ಬಾಕಿಯಿದ್ದಾಗಲೇ, 1970ರ ಡಿಸೆಂಬರಿನಲ್ಲಿ, ಲೋಕಸಭೆ ವಿಸರ್ಜಿತವಾಗಿ ಮಸೂದೆ ಬಿದ್ದುಹೋಯಿತು. ಆಗ ಕೇಂದ್ರದ ಕಾನೂನು ಮತ್ತು ಸಮಾಜ ಕಲ್ಯಾಣ ಸಚಿವರಾಗಿದ್ದವರು ಹನುಮಂತಯ್ಯನವರೇ ಎಂಬುದು ವಿಧಿಯ ವಿಡಂಬನೆಯಲ್ಲದೆ ಮತ್ತೇನು? ತಾವು ಸೂಚಿಸಿದ ಶಾಸನ ತಮ್ಮ ಕಣ್ಣೆದುರಿಗೇ ಅಪೂರ್ಣವಾಗಿ ಅಳಿಯಿತು.

1971ರ ಮಾರ್ಚಿನಿಂದ 1972ರ ಜುಲೈವರೆಗೆ ಅವರು ರೈಲ್ವೆ ಸಚಿವರಾಗಿದ್ದರು. ಬಾಂಗ್ಲಾದೇಶದ ಯುದ್ಧ ನಡೆದದ್ದು ಆ ಅವಧಿಯಲ್ಲಿ. ಬಳಿಕ ಅಧಿಕಾರ ಅವರಿಗೆ ಒಲಿಯಲಿಲ್ಲ. 1977ರಲ್ಲಿ ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿ ಜನತಾ ಪಕ್ಷದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರೆದುರು ಸೋತರು. 1980ರ ಡಿಸೆಂಬರ್ 1ರಂದು ನಿಧನ ಹೊಂದಿದರು. ಅವರ ಪ್ರತಿಮೆ ವಿಧಾನಸೌಧದ ಆವರಣದಲ್ಲಿದೆ.

ಅವರು ಕಾಲವಾದ ಮೂರು ವರ್ಷಗಳಲ್ಲಿ, 1983ರಲ್ಲಿ, ಶ್ರೀ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾಗಿ, ಕನಕಪುರದ ಉಪಚುನಾವಣೆಯಲ್ಲಿ ಗೆದ್ದು ವಿಧಾನಸಭೆಯನ್ನು ಪ್ರವೇಶಿಸಿದರು. ಕರ್ನಾಟಕ ಲೋಕಾಯುಕ್ತ ಶಾಸನವನ್ನು 1984ರಲ್ಲಿ ತಂದದ್ದು ಅವರ ಸರ್ಕಾರ. 1986ರಲ್ಲಿ ಲೋಕಾಯುಕ್ತ ಸಂಸ್ಥೆ ಕಾರ್ಯಾರಂಭ ಮಾಡಿತು. ಅದರ ಕಚೇರಿ ವಿಧಾನಸೌಧಕ್ಕೆ ಸಮೀಪದ ಬಹುಮಹಡಿ ಕಟ್ಟಡದಲ್ಲಿ ನೆಲೆಗೊಂಡಿತು. ಕೇಂದ್ರದಲ್ಲಿ ಲೋಕಪಾಲ ಮಸೂದೆ ಮತ್ತೆ ಮತ್ತೆ ಮಂಡಿತವಾಗಿ, ಮತ್ತೆ ಮತ್ತೆ ಬಿದ್ದು, ಕಡೆಗೆ 2013ರಲ್ಲಿ ಸಂಸತ್ತಿನ ಉಭಯ ಸದನಗಳ ಒಪ್ಪಿಗೆಯನ್ನು ಪಡೆಯಿತು.